ಚನ್ನಕ್ಕನ ಹಿಟ್ಟಿನ ಲೆಕ್ಕ

ಉಣ್ಣುವವನ ತಾಟಿನ ರೊಟ್ಟಿ ಎಣಿಸಬಾರದು ಎಂಬುದು ಚನ್ನಕ್ಕ ಬದಾಮಿ ಕಡೆಯ ತವರಿನಿಂದ ತಂದ ಮಾತು. ಎಣಿಸಿದರೆ ತಿಂದವನ ಮೈಗೆ ಹತ್ತುವುದಿಲ್ಲ, ಬಡಿಸಿದವಳ ಕೈ ಬರಿದಾಗುತ್ತದೆ. ಯಶವಂತಪುರದಲ್ಲಿ ಖಾನಾವಳಿ ತೆರೆದು ಒಂಬತ್ತು ವರ್ಷವಾದರೂ ಅವಳು ಆ ಮಾತು ಮೀರಿರಲಿಲ್ಲ. ಬುಟ್ಟಿಯಿಂದ ರೊಟ್ಟಿ ತೆಗೆದು ತಾಟಿಗೆ ಹಾಕುವಾಗ ಬೇಕೆಂದೇ ಬೇರೆಲ್ಲಿಗೋ ಕಣ್ಣು ತಿರುಗಿಸುತ್ತಿದ್ದಳು.

ಖಾನಾವಳಿ ಎಂದರೆ ದೊಡ್ಡದೇನಲ್ಲ. ಸ್ಟೇಷನ್ನಿನಿಂದ ಮತ್ತೀಕೆರೆಗೆ ಹೋಗುವ ದಾರಿಯಲ್ಲಿ ಚಿಕ್ಕಬೈರಪ್ಪನ ವಠಾರ. ಅದರ ಮುಂದಿನ ಹಜಾರದಲ್ಲಿ ಊಟ, ಹಿಂದೆ ಎರಡು ಒಲೆಯ ಅಡುಗೆಮನೆ, ಅದಕ್ಕೂ ಹಿಂದೆ ಮಲಗುವ ಕೋಣೆ. ಬಿಜಾಪುರ, ಗದಗು, ಬಾಗಲಕೋಟೆ ಕಡೆಯಿಂದ ಬಂದು ಪೀಣ್ಯ, ಜಾಲಹಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ನಲವತ್ತೆರಡು ಗಂಡಸರು ತಿಂಗಳ ಲೆಕ್ಕದಲ್ಲಿ ಎರಡು ಹೊತ್ತು ಅಲ್ಲಿ ಉಣ್ಣುತ್ತಿದ್ದರು. ತಲೆಗೆ ನೂರ ನಲವತ್ತು ರೂಪಾಯಿ. ಪಲ್ಯ, ಬೇಳೆ, ಅನ್ನ, ಮಜ್ಜಿಗೆ; ಜೋಳದ ರೊಟ್ಟಿ ಸಾಕೆನ್ನುವವರೆಗೆ. ಗಂಡ ವೀರಬಸಪ್ಪ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದ. ಅವನ ಸಂಬಳ ಊರಿನ ತಮ್ಮಂದಿರಿಗೆ ಹೋಗುತ್ತಿತ್ತು. ಇಲ್ಲಿಯ ಮನೆ ನಡೆಯುತ್ತಿದ್ದುದು ರೊಟ್ಟಿಯ ಮೇಲೆ.

ಎಂಬತ್ತಮೂರರ ಸಂಕ್ರಾಂತಿ ಕಳೆದ ಮಾರನೆಯ ದಿನ ಚಿಕ್ಕಬೈರಪ್ಪ ಬಂದು ಹಜಾರದ ಕಟ್ಟೆಯ ಮೇಲೆ ಕೂತ. ಹಿಂದೆ ನಾಗಸಂದ್ರದಲ್ಲಿ ದ್ರಾಕ್ಷಿ ತೋಟ ಮಾಡಿಸುತ್ತಿದ್ದವನು ಈಗ ತೋಟ ಮಾರಿ ವಠಾರಗಳನ್ನು ಕಟ್ಟಿಸುತ್ತಿದ್ದ. ಕಬ್ಬು, ಎಳ್ಳಿನ ಮಾತೆಲ್ಲ ಆದ ಮೇಲೆ ಬಂದ ಕೆಲಸಕ್ಕೆ ಬಂದ. ಸೈಕಲ್ ಅಂಗಡಿಯವನೊಬ್ಬ ಈ ಹಜಾರಕ್ಕೆ ಮೂರು ಸಾವಿರ ಮುಂಗಡ ಕೊಡಲು ಸಿದ್ಧನಿದ್ದಾನೆ.

“ನೀನು ಅಳಬ್ಳು ಅಂತ ಮೊದ್ಲು ನಿನ್ನೇ ಕೇಳ್ತಿವ್ನಿ ಕಣಮ್ಮ. ಮೇ ತಿಂಗ್ಳೊಳ್ಗೆ ಮೂರು ಸಾವ್ರ ಕೊಡು, ಅಜಾರ ನಿಂದೇ. ಇಲ್ಲಾಂದ್ರೆ ಇಂದ್ಗಡೆ ರೂಮ್ನಾಗೆ ನೀವಿರಿ, ಬ್ಯಾಡ ಅನ್ನಲ್ಲ.”

ಹಜಾರ ಹೋದರೆ ನಲವತ್ತೆರಡು ಜನರನ್ನು ಎಲ್ಲಿ ಕೂರಿಸುವುದು? ಚನ್ನಕ್ಕನ ಬಳಿ ಇದ್ದದ್ದು ಎಂಟು ನೂರು. ಖಾನಾವಳಿ ಎಂದೂ ಖಾಲಿ ಇರಲಿಲ್ಲ, ಆದರೂ ಪ್ರತಿ ತಿಂಗಳ ಇಪ್ಪತ್ತರ ಹೊತ್ತಿಗೆ ಜೋಳವನ್ನು ಸಾಲಕ್ಕೆ ತರಬೇಕಾಗುತ್ತಿತ್ತು. ಬರುವುದು ಕಾಣುತ್ತಿತ್ತು, ಹೋಗುವುದು ಕಾಣುತ್ತಿರಲಿಲ್ಲ. ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದಾಯಿತು. ಹಿಟ್ಟು ನಾದುತ್ತಿದ್ದವಳು ಎದ್ದು ಹೋಗಿ ಜೋಳದ ಚೀಲ ಮುಟ್ಟಿ ನೋಡುವಳು. ಕಟ್ಟಿಗೆಯ ರಾಶಿ ನೋಡುವಳು. ಮತ್ತೆ ಬಂದು ಕೂತರೆ ನೀರು ಹಾಕಿದ್ದೆನೋ ಇಲ್ಲವೋ ಎಂಬುದೇ ಮರೆತಿರುವುದು.

ಅವಳ ಅನುಮಾನ ಮೊದಲು ಹೋದದ್ದು ಗುರುಪಾದಪ್ಪನ ಮೇಲೆ. ಫೌಂಡ್ರಿಯಲ್ಲಿ ಕೆಲಸ ಮಾಡುವ ಆಳು. ಆನೆಯಂಥ ಮೈ, ಎಳೆಗರುವಿನಂಥ ಮಾತು. ಕೂತರೆ ಒಂಬತ್ತು ರೊಟ್ಟಿ ಎಂದು ಪಂಕ್ತಿಯವರೇ ಹೇಳುತ್ತಿದ್ದರು. ಗುರುಪಾದಪ್ಪ ತಾಟಿನ ಮುಂದೆ ಕೂತರೆ ಒಲೆ ಎದ್ದು ನಿಂತು ಕೈ ಮುಗಿಯುತ್ತದೆ ಎಂದು ನಗುತ್ತಿದ್ದರು. ಚನ್ನಕ್ಕನೂ ನಗುತ್ತಿದ್ದಳು. ಈಗ ಆ ಮಾತು ಕೇಳಿದರೆ ಒಲೆಯ ಕಡೆ ತಿರುಗುತ್ತಿದ್ದಳು.

ಉಣ್ಣುವವರಲ್ಲಿ ಕಾಶಿನಾಥ ಎಂಬ ಹುಡುಗನಿದ್ದ. ಪೀಣ್ಯದ ಕಾರ್ಖಾನೆಯಲ್ಲಿ ತಯಾರಿಕೆಯ ಖರ್ಚು ಲೆಕ್ಕ ಹಾಕುವ ಕಾಸ್ಟಿಂಗ್ ವಿಭಾಗದ ಗುಮಾಸ್ತ. ಒಂದು ಬೋಲ್ಟಿಗೆ ಎಷ್ಟು ಕಬ್ಬಿಣ ಹಿಡಿಯಿತು, ಯಾವ ಯಂತ್ರದ ಮುಂದೆ ಎಷ್ಟು ಹೊತ್ತು ಕಾಯಿತು ಎಂದು ಬರೆದಿಡುವುದು ಅವನ ಕೆಲಸ. ಆ ಲೆಕ್ಕದ ದೊಡ್ಡ ಪರೀಕ್ಷೆಯಲ್ಲಿ ಎರಡು ಬಾರಿ ಫೇಲಾಗಿ ಮೂರನೆಯ ಸಲಕ್ಕೆ ಓದುತ್ತಿದ್ದ. ಚನ್ನಕ್ಕನ ಸಂಕಟ ಕೇಳಿದವನು, ಒಂದು ವಾರ ಯಾರು ಎಷ್ಟು ರೊಟ್ಟಿ ತಿನ್ನುತ್ತಾರೆಂದು ಬರೆದುಕೊಡಿ, ಉಳಿದದ್ದನ್ನು ನಾನು ನೋಡುತ್ತೇನೆ ಎಂದ.

“ತಾಟು ನೋಡಿ ರೊಟ್ಟಿ ಎಣಸಾಕ ನಾ ಏನ್ ಜೇಲ್ ನಡಸಾಕತ್ತೇನೇನೋ ತಮ್ಮಾ?” ಅಂದಳು ಚನ್ನಕ್ಕ.

ಅವನೂ ಬಿಡಲಿಲ್ಲ. ಮರುದಿನ ಒಂದು ರಟ್ಟಿನ ಮೇಲೆ ‘ಊಟಕ್ಕೆ ಐದು ರೊಟ್ಟಿ ಮಾತ್ರ’ ಎಂದು ದುಂಡಗೆ ಬರೆದು ತಂದ. ಊರಲ್ಲೆಲ್ಲ ಈಗ ಇದೇ ಪದ್ಧತಿ ಎಂದ. ಚನ್ನಕ್ಕ ಆ ರಟ್ಟನ್ನು ಎರಡು ಮಗ್ಗುಲೂ ತಿರುಗಿಸಿ ನೋಡಿ ಒಲೆಗೆ ಹಾಕಿದಳು.

ನಾಲ್ಕು ದಿನ ಅವನು ಆ ಮಾತೆತ್ತಲಿಲ್ಲ. ಐದನೆಯ ದಿನ ಕೈ ತೊಳೆದು ಹೋಗುತ್ತಿದ್ದವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಅಕ್ಕಾರ, ಹಿಟ್ಟು ತೂಗೂದಕ್ಕ ಏನರ ಅಡ್ಡಿ ಐತೇನ್ರಿ?”

ಚನ್ನಕ್ಕನ ಕೈ ಹಿಟ್ಟು ನಾದುವ ಕೊಣಮಿಗೆಯಲ್ಲೇ ನಿಂತಿತು. ಹಿಟ್ಟಿನ ಬಗ್ಗೆ ಅವ್ವ ಏನೂ ಹೇಳಿರಲಿಲ್ಲ. ಹಿಟ್ಟು ಇನ್ನೂ ಯಾರ ತಾಟಿಗೂ ಬಿದ್ದಿಲ್ಲ, ಯಾರದೂ ಅಲ್ಲ. ಬುಟ್ಟಿಯಲ್ಲಿ ಉಳಿದ ರೊಟ್ಟಿಯೂ ಹಾಗೆಯೇ. ತಾಟನ್ನು ಬಿಟ್ಟು ಅದರ ಹಿಂದಿನದನ್ನೂ ಮುಂದಿನದನ್ನೂ ನೋಡಿದರೆ ನಡುವಿನದು ತಾನಾಗಿ ತಿಳಿಯುತ್ತದೆ ಎಂದು ಕಾಶಿನಾಥ ವಿವರಿಸಿದ. ಅವನ ಕಾರ್ಖಾನೆಯಲ್ಲೂ ಮೊಳೆಗಳನ್ನು ಯಾರೂ ಒಂದೊಂದಾಗಿ ಎಣಿಸುವುದಿಲ್ಲವಂತೆ. ತಿಂಗಳ ಮೊದಲಲ್ಲಿ ಎಷ್ಟಿತ್ತು, ನಡುವೆ ಎಷ್ಟು ಬಂತು, ಕೊನೆಗೆ ಎಷ್ಟು ಉಳಿಯಿತು ಎಂದು ನೋಡಿದರೆ ಮುಗಿಯಿತಂತೆ.

ಫೆಬ್ರವರಿ ತುಂಬ ಚನ್ನಕ್ಕ ಹಿಟ್ಟು ತೂಗಿದಳು. ಬೆಳಿಗ್ಗೆ ಡಬ್ಬಿ ತೆರೆಯುವ ಮೊದಲೊಮ್ಮೆ, ಸಂಜೆ ಒಲೆ ಆರಿಸಿದ ಮೇಲೊಮ್ಮೆ. ನಾಲ್ಕನೆಯ ಇಯತ್ತೆಯವರೆಗೆ ಓದಿದ ಕೈ. ಅಂಕಿಗಳು ಸಾಲು ಬಿಟ್ಟು ನಡೆಯುತ್ತಿದ್ದವು. ಜೊತೆಗೆ ರೊಟ್ಟಿ ತಟ್ಟುತ್ತಿದ್ದ ರತ್ನಕ್ಕ, ಗದಗಿನವಳು, ಬಾಯಿಗೆ ಬೀಗವಿಲ್ಲದವಳು. ಇನ್ನು ಮೇಲೆ ಉಪ್ಪಿನ ಹರಳಿಗೂ ಹಾಜರಿ ಹಾಕೋಣ ಎನ್ನುತ್ತಿದ್ದಳು.

ತಿಂಗಳಾದ ಮೇಲೆ ಕಾಶಿನಾಥ ಪುಸ್ತಕ ಹಿಡಿದು ಕೂತ. ದಿನಕ್ಕೆ ಇಪ್ಪತ್ತು ಕಿಲೋ ಹಿಟ್ಟು ಹೋಗುತ್ತಿತ್ತು. ಕಿಲೋಗೆ ಹದಿನಾಲ್ಕು ರೊಟ್ಟಿ ಎಂಬುದು ಚನ್ನಕ್ಕನ ಅಂಗೈಗೆ ಗೊತ್ತಿದ್ದ ವಿಷಯ. ಅಲ್ಲಿಗೆ ಇನ್ನೂರ ಎಂಬತ್ತು. ದಿನವೂ ಬುಟ್ಟಿಯಲ್ಲಿ ಉಳಿಯುತ್ತಿದ್ದವು ನಲವತ್ತೈದು. ಮಿಕ್ಕದ್ದನ್ನು ಉಂಡವರಿಗೆ ಹಂಚಿದರೆ ಊಟಕ್ಕೆ ಮೂರು ರೊಟ್ಟಿ, ಮೇಲೊಂದು ಚೂರು.

ಮೂರೇ ಎಂದು ಚನ್ನಕ್ಕ ಮತ್ತೊಮ್ಮೆ ಕೇಳಿದಳು. ಅವನು ಮತ್ತೊಮ್ಮೆ ಭಾಗಿಸಿ ತೋರಿಸಿದ. ಗುರುಪಾದಪ್ಪನ ಒಂಬತ್ತು ರೊಟ್ಟಿ, ಎರಡು ತಿಂದು ಅನ್ನಕ್ಕೆ ಕೈ ಹಾಕುವ ಹತ್ತು ಜನರ ನಡುವೆ ಎಲ್ಲೋ ಕರಗಿ ಹೋಗಿದ್ದವು. ಒಂದು ತಿಂಗಳು ಆ ಮನುಷ್ಯನ ಬೆನ್ನನ್ನು ತಾನು ನೋಡಿದ ನೋಟ ನೆನೆದು ಅವಳ ಕಿವಿ ಬಿಸಿಯಾಯಿತು.

ಹಣ ಹೋಗುತ್ತಿದ್ದ ದಾರಿಗಳು ಬೇರೆ ಎರಡು. ಒಂದು, ಬುಟ್ಟಿಯಲ್ಲಿ ಉಳಿದ ನಲವತ್ತೈದು. ಆರಿ ತೊಗಲಿನಂತಾದ ರೊಟ್ಟಿಯನ್ನು ಅವಳು ಬಡಿಸುವವಳಲ್ಲ, ಅವರು ಮುಟ್ಟುವವರಲ್ಲ. ಅವೆಲ್ಲ ಚಿಕ್ಕಬೈರಪ್ಪನ ಹೆಂಡತಿ ಪಟಾಲಮ್ಮನ ಹಸುವಿಗೆ. ತಿಂಗಳಿಗೆ ಇನ್ನೂರು ರೂಪಾಯಿಯ ಮೇಲಿನ ಹಿಟ್ಟು ಹಾಗೆ ಹೋಗಿತ್ತು. ಇನ್ನೊಂದು ದಾರಿ, ತಪ್ಪಿದ ಊಟ. ಯಾರಾದರೂ ಉಣ್ಣದೆ ಹೋದರೆ ಊಟಕ್ಕೆ ಎರಡು ರೂಪಾಯಿಯಂತೆ ತಿಂಗಳ ಹಣದಲ್ಲಿ ಮುರಿಯುವುದು ಅಲ್ಲಿಯ ರೂಢಿ. ಹಸಿದವನ ದುಡ್ಡು ಇಟ್ಟುಕೊಳ್ಳಬಾರದೆಂದು ಚನ್ನಕ್ಕ ಕೇಳಿದವರಿಗೆಲ್ಲ ಮುರಿಯುತ್ತಿದ್ದಳು. ಫೆಬ್ರವರಿಯಲ್ಲಿ ಅಂಥವು ಇನ್ನೂರ ಮೂವತ್ತು ಊಟ. ನಾನೂರ ಅರವತ್ತು ರೂಪಾಯಿ.

ಇಷ್ಟು ಜನ ಯಾಕೆ ಉಣ್ಣದೆ ಹೋಗುತ್ತಾರೆ ಎಂದು ಕಾಶಿನಾಥ ಕೇಳಿದ. ಊರಿಗೆ ಹೋಗಿರಬೇಕು, ಸಿನಿಮಾಕ್ಕೆ ಹೋಗಿರಬೇಕು ಎಂದಳು. ಹೇಳುವಾಗಲೇ ಅದು ತನಗೇ ಒಪ್ಪಿಗೆಯಾಗಲಿಲ್ಲ.

ಅವನು ಒಂದು ದಿನ ರಜೆ ಹಾಕಿ, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಒಲೆಯ ಪಕ್ಕ ಕೂತ.

“ಅಣ್ಣಾರ, ಗಡಿಯಾರ ನೋಡಿದ್ರ ರೊಟ್ಟಿ ಲಗೂನ ಬೇಯತೈತೇನ್ರಿ?” ಎಂದಳು ರತ್ನಕ್ಕ.

ಬೇಯಲಿಲ್ಲ, ಅದೇ ಅವನು ಕಂಡುಕೊಂಡದ್ದು. ಎರಡನೆಯ ಪಾಳಿಯ ಹದಿನೆಂಟು ಜನ ಹನ್ನೆರಡಕ್ಕೂ ಬರುವವರಲ್ಲ, ಹನ್ನೆರಡೂವರೆಗೂ ಬರುವವರಲ್ಲ. ಹನ್ನೆರಡು ಮುಕ್ಕಾಲಿಗೆ ಒಟ್ಟಿಗೆ ನುಗ್ಗುತ್ತಿದ್ದರು. ಒಂದು ಇಪ್ಪತ್ತಕ್ಕೆ ಅವರ ಬಸ್ಸು. ಮೂವತ್ತೈದು ನಿಮಿಷದಲ್ಲಿ ಐವತ್ತಕ್ಕೂ ಹೆಚ್ಚು ರೊಟ್ಟಿ ಬೇಕು. ಒಂದು ರೊಟ್ಟಿಗೆ ಹಂಚಿನ ಮೇಲೆ ಒಂದೂವರೆ ನಿಮಿಷ. ಎರಡು ಹಂಚಿನಿಂದ ಎಷ್ಟು ಒದ್ದಾಡಿದರೂ ನಲವತ್ತಾರು ದಾಟುವುದಿಲ್ಲ. ಅದಕ್ಕೆಂದು ಚನ್ನಕ್ಕ ಹನ್ನೆರಡಕ್ಕೇ ಒಂದಷ್ಟು ಬೇಯಿಸಿ ಒಟ್ಟುತ್ತಿದ್ದಳು. ಅವು ಆರುತ್ತಿದ್ದವು, ಎಲ್ಲರೂ ಬಿಸಿಯದು ಕೇಳುತ್ತಿದ್ದರು. ಕೊನೆಯ ಸಾಲಿನವರು ಬರಿ ತಾಟಿನ ಮುಂದೆ ಕೂತು, ಬಸ್ಸಿನ ಹಾರನ್ನು ಕೇಳಿದೊಡನೆ ಎದ್ದು ಓಡುತ್ತಿದ್ದರು.

ಪಾಳಿಯ ಹೊತ್ತಿನಲ್ಲಿ ರೊಟ್ಟಿಯ ಬುಟ್ಟಿಯನ್ನು ಪಂಕ್ತಿಯವರ ಕೈಗೇ ಬಿಟ್ಟು ಚನ್ನಕ್ಕ ಒಲೆಗೆ ಮುಖ ಮಾಡಿ ಕೂರುವವಳು. ಒಂಬತ್ತು ವರ್ಷದಲ್ಲಿ ತನ್ನ ಬೆನ್ನ ಹಿಂದೆ ಎದ್ದು ಹೋದವರನ್ನು ಅವಳು ನೋಡಿರಲಿಲ್ಲ. ತನ್ನ ಕೈ ನಿಧಾನವಾಯಿತೇ ಎಂದು ಕೇಳಿದಳು. ಕೈಯದಲ್ಲ, ಕೈಗಳು ಹಂಚಿಗಾಗಿ ಕಾಯುತ್ತಿವೆ ಎಂದ ಕಾಶಿನಾಥ. ಮೂರನೆಯ ಒಲೆ ಹಾಕಿಸಿರಿ ಎಂದ. ಒಲೆ ಹಾಕಲು ನಾನೂರು, ಇನ್ನೊಬ್ಬ ಹೆಂಗಸಿಗೆ ತಿಂಗಳಿಗೆ ನೂರ ಇಪ್ಪತ್ತು. ಮುಂಗಡಕ್ಕೇ ಹಣವಿಲ್ಲದವಳು ಒಲೆ ಎಲ್ಲಿಂದ ಹಾಕಿಸಲಿ ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕಾಯಿಪಲ್ಲೆ ತಂದು ಅಡುಗೆಮನೆಗೆ ಬಂದರೆ ಎರಡೂ ಹಂಚು ಗೋಡೆಗೆ ಒರಗಿ ನಿಂತಿದ್ದವು. ಒಲೆಯ ಬೂದಿ ಬೆಚ್ಚಗಿತ್ತು. ಅದರ ಪಕ್ಕ ವಠಾರದ ಬೆಕ್ಕು ಸುರುಳಿಯಾಗಿ ಮಲಗಿತ್ತು. ಒಂಬತ್ತರಿಂದ ಹನ್ನೊಂದೂವರೆಯವರೆಗೆ ಈ ಒಲೆಗಳಿಗೆ ಕೆಲಸವಿಲ್ಲ. ಚೀಲ ಕೈಯಲ್ಲಿ ಹಿಡಿದೇ ನಿಂತಳು. ಆಗ ಮಾಡಿಟ್ಟ ರೊಟ್ಟಿ ಮಧ್ಯಾಹ್ನಕ್ಕೆ ಕೆಡುತ್ತದೆ, ನಿಜ. ಕೆಡದ ರೊಟ್ಟಿಯೂ ಒಂದಿತ್ತು. ತೆಳ್ಳಗೆ ತಟ್ಟಿ, ಮತ್ತೆ ಮತ್ತೆ ಕಾಯಿಸಿ, ಹಪ್ಪಳದಂತೆ ಮಾಡುವ ಖಡಕ್ ರೊಟ್ಟಿ. ಹದಿನೈದು ದಿನ ಇಟ್ಟರೂ ಮುರಿದರೆ ಸದ್ದಾಗುತ್ತದೆ.

ಆದರೆ ಅದು ಬುತ್ತಿಯ ರೊಟ್ಟಿ. ಅವಳ ತವರಲ್ಲಿ ಅದನ್ನು ಹೊರಡುವವರಿಗೆ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಬಂದವರ ತಾಟಿಗೆ ಹಾಕುತ್ತಿರಲಿಲ್ಲ. ಕೂತವನ ಮುಂದೆ ಖಡಕ್ ರೊಟ್ಟಿ ಇಟ್ಟರೆ, ನಿಮ್ಮ ದಾರಿ ನೋಡಿಕೊಳ್ಳಿ ಎಂದಂತೆ. ಅತ್ತೆಯ ಅಣ್ಣನೊಬ್ಬ ಆ ಕಾರಣಕ್ಕೆ ಹತ್ತು ವರ್ಷ ಮನೆಗೆ ಬಂದಿರಲಿಲ್ಲ. ಎರಡು ದಿನ ಚನ್ನಕ್ಕ ಅಂಗಳದಿಂದ ಒಲೆಗೆ, ಒಲೆಯಿಂದ ಹಜಾರಕ್ಕೆ ಸುಳಿದಾಡಿದಳು. ಹಜಾರದ ಉದ್ದವನ್ನು ಹೆಜ್ಜೆಯಲ್ಲಿ ಅಳೆದಳು. ಅಲ್ಲಿ ಸೈಕಲ್ಲುಗಳು ನೇತಾಡುವುದು ಕಣ್ಣಿಗೆ ಬಂತು. ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ರತ್ನಕ್ಕನನ್ನು ಕರೆದು ಹಿಟ್ಟು ಕಲೆಸಲು ಹೇಳಿದಳು.

ಅಂದು ಪಾಳಿಯವರು ಕೂತಾಗ ಒಬ್ಬೊಬ್ಬರ ತಾಟಿನಲ್ಲೂ ಎರಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಅದರ ಮೇಲೆ ಎಣ್ಣೆ, ಮಡಕಿಕಾಳು ಪಲ್ಯ ಆಗಲೇ ಇದ್ದವು. ಯಾರೂ ಮುಟ್ಟಲಿಲ್ಲ. ಎಲ್ಲರೂ ಗುರುಪಾದಪ್ಪನ ಕಡೆ ನೋಡಿದರು. ಅವನು ರೊಟ್ಟಿಯನ್ನೇ ನೋಡುತ್ತ ಮೆತ್ತಗೆ ಕೇಳಿದ:

“ಯಕ್ಕಾ, ನಮ್ಮನ್ನ ಕಳಸಾಕತ್ತೀಯೇನ?”

ಚನ್ನಕ್ಕ ಆ ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಪಾಳಿಯ ಹೊತ್ತಿನಲ್ಲಿ ಒಲೆ ಬಿಟ್ಟು ಹಜಾರದ ನಡುವೆ ಬಂದು ನಿಂತಳು. ಮೂರು ಸಾವಿರದ ಮಾತು ಹೇಳಿದಳು. ನೀವು ಬರಿಹೊಟ್ಟೆಯಲ್ಲಿ ಎದ್ದು ಓಡುವುದು ಈಗ ಗೊತ್ತಾಯಿತೆಂದಳು. ಇದು ಮೊದಲಿಗೆ, ಬಿಸಿಯದು ಹಿಂದೆಯೇ ಬರುತ್ತದೆ, ಯಾರಿಗೂ ಕಡಿಮೆ ಮಾಡುವುದಿಲ್ಲ ಎಂದಳು.

“ಕಳಸೂದಲ್ಲೋ ಯಪ್ಪಾ. ಉಳಸ್ಕೊಳ್ಳಾಕ ಇಟ್ಟೀನಿ.”

ಗುರುಪಾದಪ್ಪ ಒಂದು ರೊಟ್ಟಿ ಎತ್ತಿ ಎರಡು ಕೈಯಿಂದ ಮುರಿದ. ಅದರ ಸದ್ದು ಹಜಾರದ ತುದಿಯವರೆಗೆ ಕೇಳಿತು. ಆಮೇಲೆ ಉಳಿದವರು ಮುರಿದರು. ಚನ್ನಕ್ಕ ಅಷ್ಟರಲ್ಲಿ ಒಲೆಗೆ ಮರಳಿದ್ದಳು. ಅವಸರದಲ್ಲಿ ಹಾಕಿದ ಮೊದಲ ರೊಟ್ಟಿ ಹಂಚಿನ ಮೇಲೆ ಹರಿಯಿತು.

ಮಾರ್ಚಿನಲ್ಲಿ ತಪ್ಪಿದ ಊಟ ಎಪ್ಪತ್ತಕ್ಕೆ ಇಳಿಯಿತು. ಬುಟ್ಟಿಯಲ್ಲಿ ಏಳೋ ಎಂಟೋ ರೊಟ್ಟಿ ಉಳಿಯುತ್ತಿದ್ದವು. ಅದು ಚಿಕ್ಕಬೈರಪ್ಪನಿಗೆ ತಿಳಿದದ್ದು ಹಸುವಿನಿಂದ. ಒಂಬತ್ತು ವರ್ಷ ರೊಟ್ಟಿಯ ರುಚಿ ಕಂಡ ಪ್ರಾಣಿ ಹುಲ್ಲಿಗೆ ಮೂತಿ ತಿರುಗಿಸಿ ಕೂಗುತ್ತಿತ್ತು.

“ನಮ್ ಅಸೀನ್ ಬಾಯ್ಗೆ ಮಣ್ಣಾಕ್ದೆ ಕಣೇ ಚನ್ನಕ್ಕ,” ಎಂದು ಪಟಾಲಮ್ಮ ಗೋಡೆಯ ಆಚೆಯಿಂದ ಹೇಳುವಳು. ಅರ್ಧ ನಗೆ, ಅರ್ಧ ನಿಜ.

ಎರಡು ತಿಂಗಳಲ್ಲಿ ಕೂಡಿದ್ದು ಸಾವಿರ. ಮೊದಲಿನದು ಸೇರಿ ಸಾವಿರದ ಎಂಟುನೂರು. ಏಪ್ರಿಲ್ ಕೊನೆಯ ವಾರ ಚನ್ನಕ್ಕ ಹಣವನ್ನೂ ಲೆಕ್ಕದ ಪುಸ್ತಕವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಚಿಕ್ಕಬೈರಪ್ಪನ ಮನೆಗೆ ಹೋದಳು. ಸಾಲದಿದ್ದ ಸಾವಿರದ ಇನ್ನೂರಕ್ಕೆ ದೀಪಾವಳಿಯವರೆಗೆ ಗಡುವು ಕೇಳಿದಳು. ಕೊಡಬಲ್ಲೆನೆಂಬುದಕ್ಕೆ ಪುಸ್ತಕ ತೆರೆದು ತೋರಿಸಿದಳು. ತೋಟ ಮಾಡಿದ ಮನುಷ್ಯ. ಅವನು ಪುಟಗಳನ್ನು ಬೆರಳಿಟ್ಟು ಓದಿದ. ಹಿಟ್ಟು, ಕಟ್ಟಿಗೆ, ಎಣ್ಣೆ, ರತ್ನಕ್ಕನ ಸಂಬಳ, ಬಾಡಿಗೆ. ಕೊನೆಗೆ ಮತ್ತೆ ಮೊದಲಿನಿಂದ ನೋಡಿದ.

“ನಿನ್ ಕೂಲಿ ಎಲ್ಲಮ್ಮ?”

ಚನ್ನಕ್ಕನಿಗೆ ಪ್ರಶ್ನೆ ತಿಳಿಯಲಿಲ್ಲ. ನನ್ನ ಖಾನಾವಳಿಯಲ್ಲಿ ನನಗೆಂಥ ಕೂಲಿ ಎಂದಳು.

“ಅಂಗೇ ನಾನೂ ಅಂದ್ಕಂಡಿದ್ದೆ. ತ್ವಾಟದಾಗೆ ಇಪ್ಪತ್ತೊರ್ಸ ನಾನು, ನಮ್ಮೆಂಗ್ಸು ಗೇದ್ವಿ. ವರ್ಸಾ ವರ್ಸಾ ಲಾಬ ಅಂತಿದ್ದೆ. ನಮ್ಮಿಬ್ರ ಕೂಲಿ ಇಡ್ದು ನೋಡಿದ್ರೆ ಲಾಬಾನೂ ಇಲ್ಲ, ಎಂತದೂ ಇಲ್ಲ. ಅದು ತಿಳ್ದಿದ್ದು ಮಾರೋ ದಿನ.”

ಗಡುವು ಕೊಟ್ಟ. ಅದಕ್ಕೆ ಬದಲಾಗಿ ಬಾಡಿಗೆ ತಿಂಗಳಿಗೆ ಐವತ್ತು ಏರಿಸಿದ. ಅವನು ಅವನೇ.

ಹಜಾರ ಉಳಿಯಿತು, ಚನ್ನಕ್ಕನ ನೆಮ್ಮದಿ ಉಳಿಯಲಿಲ್ಲ. ಹಿಂದೆ ಹಣ ಎಲ್ಲಿ ಹೋಗುತ್ತದೆಂದು ತಿಳಿಯದೆ ನಿದ್ದೆ ಬರುತ್ತಿರಲಿಲ್ಲ, ಈಗ ತಿಳಿದು ಬರುತ್ತಿರಲಿಲ್ಲ. ಆಳಿನ ಕೂಲಿ ದಿನಕ್ಕೆ ಎಂಟು ರೂಪಾಯಿ ನಡೆಯುತ್ತಿದ್ದ ಕಾಲ. ಹಾಗೆ ತನ್ನದನ್ನು ಹಿಡಿದರೆ ತಿಂಗಳಿಗೆ ಇನ್ನೂರ ನಲವತ್ತು. ಏರಿದ ಬಾಡಿಗೆ ಸೇರಿ ಇನ್ನೂರ ತೊಂಬತ್ತು. ಅದು ಬರಬೇಕಾದರೆ ತಿಂಗಳ ದರ ನೂರೈವತ್ತು ಆಗಬೇಕು. ದರ ಏರಿದರೆ ಕೆಲವರು ಬಿಡುತ್ತಾರೆ. ಬಿಟ್ಟವರ ಊಟದ ಖರ್ಚು ಉಳಿಯುವುದರಿಂದ ಇಬ್ಬರು ಬಿಟ್ಟರೆ ಹೊಂದುತ್ತದೆ, ಮೂವರು ಬಿಟ್ಟರೆ ನಿಮ್ಮ ಕೂಲಿಗೇ ಕತ್ತರಿ ಎಂದು ಕಾಶಿನಾಥ ಎರಡು ಸಲ ಲೆಕ್ಕ ಹಾಕಿ ಹೇಳಿದ. ತನಗೆ ಕೂಲಿ ಬೇಕೆಂದು ಬೇರೆಯವರ ಊಟಕ್ಕೆ ಹತ್ತು ರೂಪಾಯಿ ಏರಿಸುವುದೇ? ಆ ಮಾತು ನಾಲಿಗೆಯ ಮೇಲೆ ತಂದುಕೊಂಡು ನಾಲ್ಕು ದಿನ ನುಂಗಿದಳು. ಐದನೆಯ ದಿನ ಮಜ್ಜಿಗೆ ಬಡಿಸುತ್ತ ಬಡಿಸುತ್ತ ಹೇಳಿಯೇಬಿಟ್ಟಳು. ಎಲ್ಲರೂ ಮಜ್ಜಿಗೆ ಕುಡಿದು ಕೈ ತೊಳೆಯಲು ಎದ್ದರು. ಯಾರು ಉಳಿಯುತ್ತಾರೆ, ಯಾರು ಬಿಡುತ್ತಾರೆ ಎಂದು ಅವಳಿಗೆ ತಿಳಿಯಲಿಲ್ಲ.

ಮೇ ಒಂದಕ್ಕೆ ಹಣ ಕಟ್ಟುವುದು ಶುರುವಾಯಿತು. ಮೂರನೆಯ ತಾರೀಖಿಗೆ ಒಬ್ಬ ಬಿಟ್ಟ. ನಾಲ್ಕಕ್ಕೆ ಇನ್ನೊಬ್ಬ, ಮಲ್ಲೇಶ್ವರದಲ್ಲಿ ರೂಮು ಸಿಕ್ಕಿತೆಂದು ನೆಲ ನೋಡುತ್ತ ಹೇಳಿದ. ಉಳಿದವರೆಲ್ಲ ಕಟ್ಟಿದರು, ಒಬ್ಬ ಗುರುಪಾದಪ್ಪನನ್ನು ಬಿಟ್ಟು. ಅವನು ರಜೆಯ ಮೇಲೆ ಊರಿಗೆ ಹೋದವನು ಐದಕ್ಕೂ ಬರಲಿಲ್ಲ, ಆರಕ್ಕೂ ಬರಲಿಲ್ಲ. ಊರಲ್ಲೇ ಕೆಲಸ ನೋಡುತ್ತಿದ್ದಾನೆ ಎಂದು ಒಬ್ಬ ಹೇಳಿದರೆ, ಮತ್ತೀಕೆರೆಯಲ್ಲಿ ಹೊಸ ಖಾನಾವಳಿ ತೆರೆದಿದೆಯಲ್ಲ ಎಂದು ಇನ್ನೊಬ್ಬ ಹೇಳಿದ. ಚನ್ನಕ್ಕ ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬಂದು ರಸ್ತೆ ನೋಡಿದಳು. ಒಂಬತ್ತು ರೊಟ್ಟಿ ತಿನ್ನುವವನು ಬರಲಿ ಎಂದು ಕಾಯುವ ದಿನವೂ ಬಂತಲ್ಲ ಎಂದಳು ರತ್ನಕ್ಕ.

ಏಳರ ಬೆಳಿಗ್ಗೆ ಅವನು ಸ್ಟೇಷನ್ನಿನಿಂದ ನೇರ ಅಲ್ಲಿಗೇ ಬಂದ. ಕೈಯಲ್ಲಿ ಟ್ರಂಕು, ಕಣ್ಣಲ್ಲಿ ಪ್ರಯಾಣದ ಕೆಂಪು. ನಿಂತೇ ಹಣ ಎಣಿಸಿ ಕೊಟ್ಟ.

“ನಾ ತಿನ್ನೂದಕ್ಕ ನೂರೈವತ್ತು ಸೋವಿನ ಬಿಡಕ್ಕಾ,” ಎಂದ.

ಅವನು ಹೋದ ಮೇಲೆ ಅವಳು ಪುಸ್ತಕ ತೆರೆದಳು. ರತ್ನಕ್ಕನ ಸಂಬಳದ ಕೆಳಗೆ ಒಂದು ಹೊಸ ಸಾಲು. ‘ಚನ್ನಕ್ಕ’ ಎಂದು ಬರೆಯುವಾಗ ಒತ್ತಕ್ಷರ ಕೆಳಗಿನ ಗೆರೆಯನ್ನು ಮುಟ್ಟಿತು. ಮುಂದೆ ಇನ್ನೂರ ನಲವತ್ತು. ಅಷ್ಟು ಹಣ ಬೇರೆ ಮಾಡಿ ಕೈಯಲ್ಲಿ ಹಿಡಿದು ಎದ್ದಳು. ಎದ್ದ ಮೇಲೆ, ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಜೋಳದ ಹಣಕ್ಕೆ ಒಂದು ಡಬ್ಬಿ ಇತ್ತು, ಕಟ್ಟಿಗೆಗೆ ಒಂದು, ಬಾಡಿಗೆಗೆ ಒಂದು, ಊರಿನ ಹಬ್ಬಕ್ಕೆ ಒಂದು. ಒಂದೊಂದರ ಮುಚ್ಚಳ ತೆಗೆದು ನೋಡಿ ಮುಚ್ಚಿದಳು. ಕೋಣೆಗೆ ಹೋದಳು, ಹಾಸಿಗೆಯ ಸುರುಳಿ ಮುಟ್ಟಿದಳು, ಅಲ್ಲೂ ಇಡದೆ ತಿರುಗಿ ಬಂದಳು. ಅಷ್ಟರಲ್ಲಿ ಒಂಬತ್ತಾಗಿ, ಹಂಚು ಕಾದಿದೆ ಎಂದು ರತ್ನಕ್ಕ ಕೂಗಿದಳು. ಚನ್ನಕ್ಕ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿ, ಅವು ಜಾರದಂತೆ ಒಮ್ಮೆ ಒತ್ತಿ ನೋಡಿಕೊಂಡು, ಹಿಟ್ಟಿನ ಮುಂದೆ ಕೂತಳು.